ಆಕಾಶದ ದಾರಿಯೂ ಗಡಿಯಾರದ ಲೆಕ್ಕವೂ

ಒಂದೂರಿನಿಂದ ಇನ್ನೊಂದೂರಿಗೆ ಎಷ್ಟು ದೂರವೆಂದು ಕೇಳಿದರೆ ನಮ್ಮ ಹಿರಿಯರು ಹರಿದಾರಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಇಲ್ಲವೆ ಹೊತ್ತಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಕೋಳಿ ಕೂಗುವಾಗ ಗಾಡಿ ಕಟ್ಟಿದರೆ ಬುತ್ತಿ ಬಿಚ್ಚುವ ಹೊತ್ತಿಗೆ ಇಂಥ ಕೆರೆ, ದೀಪ ಹಚ್ಚುವ ಹೊತ್ತಿಗೆ ಇಂಥ ಊರು, ಎಂಬುದು ಅವರ ಮಾತಿನ ರೀತಿ. ಅವರಿಗೆ ದೂರವೂ ಕಾಲವೂ ಬೇರೆ ಬೇರೆಯಾಗಿರಲಿಲ್ಲ. ಎತ್ತಿನ ನಡಿಗೆಯೇ ಎರಡಕ್ಕೂ ಅಳತೆಗೋಲಾಗಿದ್ದಿತು. ಬಳಿಕ ಮೈಲಿಗಲ್ಲು ಬಂದಿತು. ರೈಲಿನ ವೇಳಾಪಟ್ಟಿ ಬಂದಿತು. ದೂರ ಒಂದು ಕಡೆ, ಕಾಲ ಒಂದು ಕಡೆ ಆಯಿತು. ವಿಮಾನ ಬಂದ ಮೇಲಂತೂ ಇವೆರಡಕ್ಕೂ ಇದ್ದ ನಂಟು ಕಡಿದೇ ಹೋಯಿತೇನೋ ಎಂಬಂತೆ ತೋರುತ್ತದೆ. ಹತ್ತಿರದ ಊರು ದೂರವಾಗಿಯೂ ದೂರದ ಊರು ಹತ್ತಿರವಾಗಿಯೂ ಕಾಣುವ ಕಾಲವಿದು.

ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆ ಮಾಡಿಕೊಂಡಿರತಕ್ಕವರಿಗೆ ವಿಮಾನದ ಸದ್ದು ಹೊಸದಲ್ಲ. ರವೀಂದ್ರನಾಥ ಠಾಕೂರ್ ನಗರದ ಮಾಳಿಗೆಗಳ ಮೇಲೆ ಹಪ್ಪಳ ಒಣಹಾಕುವ ಗೃಹಿಣಿಯರೂ, ಯಲಹಂಕದ ಬೀದಿಯಲ್ಲಿ ಚೆಂಡಾಡುವ ಮಕ್ಕಳೂ ತಲೆಯೆತ್ತಿ ನೋಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾದುವು. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಬಡಗಮುಖವಾಗಿ ಹೊರಟರೆ ಒಂದು ಗಂಟೆಯ ಪಯಣದೊಳಗೆ ಮೂರು ವಿಮಾನಕ್ಷೇತ್ರಗಳು ಸಿಕ್ಕುತ್ತವೆ. ಆಕಾಶದ ದಾರಿಯ ವಿಚಾರವನ್ನು ಕುರಿತು ನಾಲ್ಕು ಮಾತು ಹೇಳುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ. ಆದುದರಿಂದ ವಾಚಕರನ್ನು ಮೊದಲು ಈ ರಸ್ತೆಯಲ್ಲಿ ಕರೆದುಕೊಂಡು ಹೋಗಿ, ಆಮೇಲೆ ಕರ್ನಾಟಕದ ಬಡಗಣ ತುದಿಯಲ್ಲಿರುವ ಎರಡು ವಿಮಾನನಿಲ್ದಾಣಗಳನ್ನು, ಎಂದರೆ ಕಲಬುರಗಿ ಬೀದರುಗಳನ್ನು, ತೋರಿಸಬೇಕೆಂದಿದ್ದೇನೆ. ಆ ಎರಡರ ನಡುವಣ ದೂರವೆಷ್ಟು, ಹೋಗುವುದಕ್ಕೆ ಹಿಡಿಯುವ ಕಾಲವೆಷ್ಟು ಎಂಬ ಸಣ್ಣ ಪ್ರಶ್ನೆಯಲ್ಲಿ ನಾವು ಯೋಚಿಸತಕ್ಕ ದೊಡ್ಡ ವಿಷಯವೊಂದು ಅಡಗಿದೆ.

ಹೆಬ್ಬಾಳವೆಂದರೆ ಈಗ ಮೇಲ್ಸೇತುವೆ, ಕೆರೆ, ವಾಹನಗಳ ಸಾಲು ಎಂದಿಷ್ಟೇ ನೆನಪಾಗುವುದು. ಆದರೆ ಅದು ಬಹು ಪುರಾತನವಾದ ಊರು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು 2018ರಲ್ಲಿ ಇಲ್ಲಿ ಬೆಳಕಿಗೆ ಬಂದಿತು. ಕಿತ್ತಯ್ಯನೆಂಬ ವೀರನ ಹೆಸರೂ, ಈ ಸೀಮೆಗೆ ಆಗ ಇದ್ದ ಪೆರ್ಬೊಳಲ್‌ನಾಡೆಂಬ ಹೆಸರೂ ಅದರಿಂದ ತಿಳಿದುವು. ಬಡಗಣಿಂದ ಬಂದ ರಾಷ್ಟ್ರಕೂಟರ ದಂಡನ್ನು ಎದುರಿಸಿ ಮಡಿದವನು ಅವನು. ಹನ್ನೆರಡು ಶತಮಾನಗಳಿಗೂ ಹಿಂದೆಯೇ ಬಡಗಣ ನಾಡಿಗೂ ಈ ಊರಿಗೂ ದಾರಿಯ ಸಂಬಂಧವಿದ್ದಿತೆಂಬುದಕ್ಕೆ ಈ ಕಲ್ಲು ಸಾಕ್ಷಿಯಾಗಿದೆ. ಆ ದಾರಿ ಆಗ ದಂಡಿನ ದಾರಿ. ಈಗ ಸಂಸಾರಿಗರ ದಾರಿ.

ಹೆಬ್ಬಾಳವನ್ನು ದಾಟಿದರೆ ಜಕ್ಕೂರು. 1948ರಲ್ಲಿ ಮೈಸೂರು ಸಂಸ್ಥಾನದವರು ಇಲ್ಲಿ ಸರ್ಕಾರಿ ವಿಮಾನ ಶಿಕ್ಷಣಶಾಲೆಯನ್ನು ಸ್ಥಾಪಿಸಿದರು. ಸಣ್ಣ ವಿಮಾನಗಳಿಗಾಗಿ ಏರ್ಪಟ್ಟ ಸಣ್ಣ ಕ್ಷೇತ್ರವಿದು. ಇನ್ನೂ ಮುಂದೆ ಹೋದರೆ ಯಲಹಂಕ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಮನೆತನದವರು ನಾಡಪ್ರಭುಗಳಾಗಿದ್ದ ಊರು. ಈಗ ಅಲ್ಲಿ ಭಾರತ ವಾಯುಸೇನೆಯ ನೆಲೆಯಿದೆ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆದು ಬಂದಿರುವ ವಿಮಾನ ಪ್ರದರ್ಶನವನ್ನು ನೋಡಲು ದೇಶದ ನಾನಾ ಭಾಗಗಳಿಂದ ಜನರು ಬಂದು ಸೇರುತ್ತಾರೆ. ಆ ಪ್ರದರ್ಶನದಲ್ಲಿ ಒಂಬತ್ತು ವಿಮಾನಗಳು ಒಂದೇ ಹಕ್ಕಿಯ ಗರಿಗಳಂತೆ ಒತ್ತೊತ್ತಾಗಿ ಹಾರುವುದನ್ನು ನೋಡಿದವರು ಉಂಟು. ಅವಕ್ಕೆ ಸೂರ್ಯಕಿರಣವೆಂದು ಹೆಸರು. ಆ ತಂಡವು 1996ರಲ್ಲಿ ಹುಟ್ಟಿದುದು ಬೀದರಿನಲ್ಲಿ. ಅದರ ತೌರುಮನೆ ಬೀದರೇ. 2019ರ ಫೆಬ್ರವರಿಯಲ್ಲಿ, ಪ್ರದರ್ಶನಕ್ಕೆ ಮುಂಚಿನ ಅಭ್ಯಾಸದ ವೇಳೆ, ಯಲಹಂಕದ ಮೇಲೆ ಆ ತಂಡದ ಎರಡು ವಿಮಾನಗಳು ಒಂದಕ್ಕೊಂದು ತಗುಲಿ ಒಬ್ಬ ವೈಮಾನಿಕನು ಪ್ರಾಣ ತೆತ್ತುದನ್ನು ಯಲಹಂಕದವರು ಮರೆತಿಲ್ಲ. ಹೀಗೆ ಬೀದರಿಗೂ ಯಲಹಂಕಕ್ಕೂ ಆಕಾಶದ ಸಂಬಂಧವು ಸಾಮಾನ್ಯ ಪ್ರಯಾಣಿಕನಿಗೆ ವಿಮಾನ ದೊರೆಯುವುದಕ್ಕೆ ಬಹಳ ಮೊದಲೇ ಬೆಳೆದಿದ್ದಿತು.

ಯಲಹಂಕದಿಂದ ಮುಂದೆ ನಂದಿಬೆಟ್ಟದ ಸಾಲು ಕಣ್ಣಿಗೆ ಬೀಳುವ ಬಯಲಿನಲ್ಲಿ ದೇವನಹಳ್ಳಿಯ ಬಳಿ ಇಂದಿನ ದೊಡ್ಡ ವಿಮಾನನಿಲ್ದಾಣವಿದೆ. ಇದು 2008ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. 2013ರಲ್ಲಿ ಇದಕ್ಕೆ ಕೆಂಪೇಗೌಡರ ಹೆಸರಿಟ್ಟರು. ಟಿಪ್ಪು ಸುಲ್ತಾನನು ಹುಟ್ಟಿದ ಕೋಟೆಯ ಊರು ಹತ್ತಿರದಲ್ಲಿಯೇ ಇದೆ. ಹೆಬ್ಬಾಳದಿಂದ ನಿಲ್ದಾಣಕ್ಕೆ ಸುಮಾರು 25 ಕಿಲೋಮೀಟರು. ಯಶವಂತಪುರದ ಕಡೆಯಿಂದ ಬರುವವರಿಗೆ ಇನ್ನೂ ಹೆಚ್ಚು. ಕರ್ನಾಟಕದ ಯಾವ ಮೂಲೆಗಾಗಲಿ ಆಕಾಶದಲ್ಲಿ ಹೋಗತಕ್ಕವರೆಲ್ಲರೂ ಸಾಮಾನ್ಯವಾಗಿ ಈ ಬಾಗಿಲನ್ನು ದಾಟಿಯೇ ಹೋಗಬೇಕು.

ಈಗ ಬಡಗಣ ಎರಡು ಊರುಗಳನ್ನು ನೋಡೋಣ. ಕಲಬುರಗಿಯೂ ಬೀದರೂ ಅಕ್ಕತಂಗಿಯರಂತಿರುವ ಪಟ್ಟಣಗಳು. 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಅಹ್ಮದ್ ಷಾ ಎಂಬ ಸುಲ್ತಾನನು ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಆನೆ, ಕುದುರೆ, ಬೊಕ್ಕಸ, ದಫ್ತರ, ಪರಿವಾರ, ಎಲ್ಲವೂ ಈ ದಾರಿಯಲ್ಲಿಯೇ ನಡೆದು ಹೋಗಿರಬೇಕು. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗವೂ ಉಂಟು. ಬೀದರಿನಲ್ಲಿ 1472ರ ಮಹಮೂದ ಗವಾನನ ಮದರಸವೂ, ಕಪ್ಪು ಲೋಹದಲ್ಲಿ ಬೆಳ್ಳಿಯನ್ನು ಕೂರಿಸುವ ಬಿದರಿ ಕುಶಲಿಗರೂ ಉಂಟು. ಮುಂದೆ ಎರಡೂ ಊರುಗಳು ನಿಜಾಮನ ಆಳ್ವಿಕೆಗೆ ಒಳಗಾಗಿ, 1948ರ ಸೆಪ್ಟೆಂಬರಿನಲ್ಲಿ ಅದರಿಂದ ಬಿಡುಗಡೆ ಹೊಂದಿ, 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಒಂದುಗೂಡಿದುವು. ಅಂದಿನಿಂದ ಅವುಗಳ ಸರ್ಕಾರದ ಬಾಗಿಲು ಬೆಂಗಳೂರಿನಲ್ಲಿದೆ. ಹೈದರಾಬಾದು ಬೀದರಿಗೆ ಕೂಗಳತೆಯೆಂಬಂತಿದ್ದರೂ ಅರ್ಜಿ ಹಿಡಿದು ಬರಬೇಕಾದದ್ದು ನಮ್ಮ ವಿಧಾನಸೌಧಕ್ಕೆ.

ಈ ದೂರವು ಎಷ್ಟೆಂಬುದನ್ನು ಮನೆಯಲ್ಲಿಯೇ ಲೆಕ್ಕ ಹಾಕಬಹುದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿ ಬಳಪ ಕೊಡಿರಿ. ಬೀದರಿನ ವಿಮಾನಕ್ಷೇತ್ರವು ಉತ್ತರ ಅಕ್ಷಾಂಶ 17.91, ಪೂರ್ವ ರೇಖಾಂಶ 77.49ರಲ್ಲಿದೆ. ಕಲಬುರಗಿಯದು ಅಕ್ಷಾಂಶ 17.31, ರೇಖಾಂಶ 76.96. ಅಕ್ಷಾಂಶದ ವ್ಯತ್ಯಾಸ 0.60, ರೇಖಾಂಶದ ವ್ಯತ್ಯಾಸ 0.53. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದನ್ನೊಂದು ಸಮೀಪಿಸುವುದರಿಂದ ಬೀದರಿನ ಸೀಮೆಯಲ್ಲಿ ಅದರ ಒಂದು ಡಿಗ್ರಿಗೆ 106 ಕಿಲೋಮೀಟರು ಮಾತ್ರ. ಆದುದರಿಂದ ಬೀದರು ಕಲಬುರಗಿಗಿಂತ 66 ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾಗಿ ಉತ್ತರಕ್ಕೂ 56 ಕಿಲೋಮೀಟರು ಪೂರ್ವಕ್ಕೂ ಇದೆ. ಇವೆರಡನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿದರೆ ಸುಮಾರು 87 ಕಿಲೋಮೀಟರು, ಎಂದರೆ 54 ಮೈಲಿ, ಬರುವುದು. ಹದ್ದಿನ ಹಾರಾಟದಲ್ಲಿ ಎರಡು ನಿಲ್ದಾಣಗಳಿಗೂ ಇರುವ ಅಂತರವಿಷ್ಟೇ. ಇದೇ ರೀತಿಯಲ್ಲಿ ಲೆಕ್ಕ ಮಾಡಿದರೆ ದೇವನಹಳ್ಳಿಯ ನಿಲ್ದಾಣದಿಂದ ಕಲಬುರಗಿಗೆ ಸುಮಾರು 463 ಕಿಲೋಮೀಟರೂ ಬೀದರಿಗೆ 522 ಕಿಲೋಮೀಟರೂ ಆಗುತ್ತದೆ.

ಇಂದು ಅಡಿಗೆಯ ಮನೆಯ ಮಣೆಯ ಮೇಲೆ ಕುಳಿತು ಮಾಡಬಹುದಾದ ಈ ಲೆಕ್ಕಕ್ಕಾಗಿ ಹಿಂದಿನವರು ಪಟ್ಟ ಶ್ರಮವನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಅಧಿಕಾರಿಯು ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಣಿಯನ್ನು ಹಾಸಿ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಅಳೆದನು. ಒಂದು ರೇಖೆಯ ಉದ್ದವು ಕರಾರುವಾಕ್ಕಾಗಿ ತಿಳಿದರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಕೋನಗಳನ್ನು ಅಳೆದು, ಅಲ್ಲಿಗೆ ಕಾಲಿಡದೆಯೇ ಅದರ ದೂರವನ್ನು ಹೇಳಬಹುದು. ಹೀಗೆ ತ್ರಿಭುಜದ ಮೇಲೆ ತ್ರಿಭುಜವನ್ನು ಜೋಡಿಸುತ್ತಾ, ಗುಡ್ಡದಿಂದ ಗುಡ್ಡಕ್ಕೂ ಗೋಪುರದಿಂದ ಗೋಪುರಕ್ಕೂ ಭಾರವಾದ ಯಂತ್ರವನ್ನು ಹೊರಿಸಿಕೊಂಡು, ಬಡಗಮುಖವಾಗಿ ಸಾಗಿದ ಅವನು 1815ರಲ್ಲಿ ಬೀದರಿಗೆ ಸಮೀಪವಾದ ದಾಮರಗಿದ್ದವೆಂಬಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದನು. ಬೆಂಗಳೂರಿನ ರೇಖೆಗೂ ಬೀದರಿನ ರೇಖೆಗೂ ನಡುವೆ ಹದಿನೈದು ವರ್ಷಗಳು ಕಳೆದಿದ್ದುವು. ಅದೇ ದೂರವನ್ನು ವಿಮಾನವು ಒಂದು ಗಂಟೆಗೆ ಸ್ವಲ್ಪ ಮೇಲಾಗಿ ದಾಟುತ್ತದೆ.

ಆ ಒಂದು ಗಂಟೆಯ ದಾರಿಯೂ ಸಾಮಾನ್ಯವಾದುದಲ್ಲ. ನಕ್ಷೆಯ ಮೇಲೆ ದೇವನಹಳ್ಳಿಯಿಂದ ಕಲಬುರಗಿಗೆ ಗೆರೆ ಎಳೆದು ನೋಡಿರಿ. ಮೊದಲು ನಂದಿಬೆಟ್ಟವು ಪಕ್ಕದಲ್ಲಿ ಸರಿಯುವುದು. ವಿಜಯನಗರದ ಅರಸರು ಬೇಸಗೆಯನ್ನು ಕಳೆದ ಪೆನುಗೊಂಡೆ, ಅನಂತಪುರದ ಒಣಬಯಲು, ಅದರಾಚೆ ತುಂಗಭದ್ರೆ, ರಾಯಚೂರಿನ ದೋಆಬು, ಕೃಷ್ಣೆ, ಯಾದಗಿರಿಯ ಸಮೀಪದಲ್ಲಿ ಭೀಮೆ, ಇವೆಲ್ಲವೂ ಒಂದರ ಹಿಂದೊಂದು ಬರುವುವು. ನೆಲದ ಬಣ್ಣವೂ ಬದಲಾಗುತ್ತದೆ. ನಮ್ಮ ಕಡೆಯ ಕೆಮ್ಮಣ್ಣು ಹಿಂದುಳಿದು, ಕೃಷ್ಣೆಯನ್ನು ದಾಟಿದ ಮೇಲೆ ಎರೆಯ ಭೂಮಿ ಕಪ್ಪಾಗಿ ಹಾಸಿಕೊಂಡಿರುವುದು. ಕಾಲವರಿತು ಹೋದರೆ ತೊಗರಿಯ ಹೊಲಗಳ ಹಸುರು ಅದರ ಮೇಲೆ ಕಾಣುವುದು. ಬೀದರಿನಲ್ಲಿ ಮತ್ತೆ ಕೆಂಪುಮಣ್ಣು: ಅಲ್ಲಿಯ ಪ್ರಸ್ಥಭೂಮಿಯೇ ಜಂಬಿಟ್ಟಿಗೆಯದು. ವಿಮಾನವು ನಿಯಮಿತ ಮಾರ್ಗಗಳನ್ನು ಅನುಸರಿಸುವುದರಿಂದ ಈ ಗೆರೆಯ ಮೇಲೆಯೇ ಹೋಗುವುದೆಂದು ಹೇಳಲಾಗದು. ಆದರೂ ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ಕನ್ನಡನಾಡಿನ ಹರವು ಎಷ್ಟೆಂಬುದು ಹೀಗೆ ತಿಳಿಯುವಷ್ಟು ಇನ್ನಾವ ಪುಸ್ತಕದಿಂದಲೂ ತಿಳಿಯಲಾರದು.

ಇನ್ನು ಕಾಲದ ಲೆಕ್ಕ. ಸಣ್ಣ ಊರುಗಳಿಗೆ ಹೋಗುವ ಪಂಕವುಳ್ಳ ವಿಮಾನಗಳು ಗಂಟೆಗೆ 500 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹಾರುತ್ತವೆ. ಜೆಟ್ ವಿಮಾನಗಳಾದರೆ 800ರವರೆಗೆ ಹೋಗುತ್ತವೆ. ಕಲಬುರಗಿಯ 463 ಕಿಲೋಮೀಟರನ್ನು 500ರಿಂದ ಭಾಗಿಸಿದರೆ 56 ನಿಮಿಷ. ಆದರೆ ವಿಮಾನವು ಮನೆಯ ಬಾಗಿಲಿನಿಂದಲೇ ಪೂರ್ಣವೇಗದಲ್ಲಿ ಹೊರಡುವುದಿಲ್ಲ. ಓಡುಹಾದಿಗೆ ತೆವಳಿಕೊಂಡು ಹೋಗಬೇಕು, ಸರದಿ ಕಾಯಬೇಕು, ಮೇಲೇರಬೇಕು, ಇಳಿಯುವಾಗ ಗಾಳಿಯ ದಿಕ್ಕನ್ನು ನೋಡಿಕೊಂಡು ಸುತ್ತು ಹಾಕಬೇಕು. ಇದೆಲ್ಲ ಸೇರಿ ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆ, ಒಂದೂವರೆ ಗಂಟೆ ಎಂದು ಬರೆದಿರುತ್ತಾರೆ.

ಇದಕ್ಕೆ ನೆಲದ ಮೇಲಿನ ಕಾಲವನ್ನು ಕೂಡಿಸಬೇಕು. ಠಾಕೂರ್ ನಗರದ ಗೃಹಸ್ಥನೊಬ್ಬನು ಕಲಬುರಗಿಯ ಬೀಗರ ಮನೆಯ ಮದುವೆಗೆ ಹೊರಟನೆನ್ನಿ. ಮನೆಯಿಂದ ದೇವನಹಳ್ಳಿಗೆ ಒಂದು ಗಂಟೆ. ಹೆಬ್ಬಾಳದ ಸೇತುವೆಯ ಮೇಲೆ ವಾಹನಗಳು ನಿಂತುಬಿಟ್ಟರೆ ಇನ್ನೂ ಅರ್ಧ ಗಂಟೆ. ಸಾಮಾನುಗಳನ್ನು ಒಪ್ಪಿಸುವುದು, ತಪಾಸಣೆಗೆ ನಿಲ್ಲುವುದು, ಕರೆಗಾಗಿ ಕಾಯುವುದು, ಇವಕ್ಕೆ ಎರಡು ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು. ಹಾರಾಟ ಒಂದೂಕಾಲು ಗಂಟೆ. ಕಲಬುರಗಿಯ ನಿಲ್ದಾಣವು ಊರಿನ ಹೊರಗೆ ಹದಿನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿದೆ. ಸಾಮಾನು ಬಿಡಿಸಿಕೊಂಡು ಬಾಡಿಗೆಯ ಮೋಟಾರು ಹಿಡಿದು ಬೀಗರ ಚಪ್ಪರವನ್ನು ಸೇರುವ ಹೊತ್ತಿಗೆ ಮತ್ತೊಂದು ಗಂಟೆ. ಒಟ್ಟು ಐದು ಐದೂವರೆ ಗಂಟೆ. ಇದರಲ್ಲಿ ಆಕಾಶದಲ್ಲಿ ಕಳೆದದ್ದು ಕಾಲುಭಾಗ ಮಾತ್ರ. ಮಿಕ್ಕದ್ದೆಲ್ಲ ನೆಲದ ಮೇಲೆಯೇ ಆಯಿತು. ವಿಮಾನದ ವೇಗವನ್ನು ಎರಡರಷ್ಟು ಮಾಡಿದರೂ ಆ ಗೃಹಸ್ಥನಿಗೆ ಮಿಗುವುದು ಅರ್ಧ ಗಂಟೆ.

ಆದರೂ ಇದು ಲಾಭದ ಪ್ರಯಾಣವೇ ಸರಿ. 2024ರ ಮಾರ್ಚ್ ತಿಂಗಳಲ್ಲಿ ಆರಂಭವಾದ ವಂದೇ ಭಾರತ್ ರೈಲು ಕಲಬುರಗಿಯಿಂದ ಬೆಂಗಳೂರಿಗೆ ಒಂಬತ್ತು ಗಂಟೆಯೊಳಗೆ ಬರುತ್ತದೆ. ಯಲಹಂಕದಲ್ಲಿ ನಿಲ್ಲುವುದರಿಂದ ನಮ್ಮ ಕಡೆಯವರಿಗೆ ಅನುಕೂಲವೂ ಉಂಟು. ಉಳಿದ ರೈಲುಗಳಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಬೀದರಿಗೆ ಯಶವಂತಪುರದಿಂದ ರಾತ್ರಿ ಹೊರಡುವ ರೈಲಿನಲ್ಲಿ ಹೋದವರು ಬೆಳಗಾದ ಮೇಲೆಯೇ ಊರನ್ನು ಕಾಣುವುದು. ಕಾಹಿಲೆಯವರನ್ನು ಕರೆತರುವವರಿಗೆ, ಮುದುಕರಿಗೆ, ಒಂದೇ ದಿನದ ರಜೆಯಲ್ಲಿ ಕೆಲಸ ಮುಗಿಸಿಕೊಂಡು ಹಿಂದಿರುಗಬೇಕಾದವರಿಗೆ ಈ ನಾಲ್ಕಾರು ಗಂಟೆಗಳ ಉಳಿತಾಯವು ಅಲ್ಪವಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಕಲಬುರಗಿಯಿಂದ ಬೀದರಿಗೆ ವಿಮಾನದಲ್ಲಿ ಹೋಗುವುದಕ್ಕೆ ಎಷ್ಟು ಹೊತ್ತು? ಲೆಕ್ಕದ ಪ್ರಕಾರ 87 ಕಿಲೋಮೀಟರಿಗೆ ಹತ್ತೂವರೆ ನಿಮಿಷ ಸಾಕು. ವಾಸ್ತವದಲ್ಲಿ ವಿಮಾನವು ಮೇಲೇರಿ ಮಟ್ಟವಾಗುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುವುದು, ಅರ್ಧ ಗಂಟೆಯೆನ್ನಬಹುದು. ಆದರೆ ಪೇಟೆಯ ಬಾಗಿಲಿನಿಂದ ಪೇಟೆಯ ಬಾಗಿಲಿಗೆ ಲೆಕ್ಕ ಹಾಕಿದರೆ ಮೂರು ಗಂಟೆಗೂ ಮೀರುತ್ತದೆ. ಹುಮನಾಬಾದಿನ ಮೇಲೆ ಹೋಗುವ ಬಸ್ಸು ಅಷ್ಟರೊಳಗೇ ತಲಪಿಸಿಬಿಡುವುದು. ಆದುದರಿಂದ ಇವೆರಡು ನಿಲ್ದಾಣಗಳ ನಡುವೆ ವಿಮಾನ ಓಡಿಸಿ ಲಾಭ ಮಾಡಬಹುದೆಂದು ಯಾವ ವ್ಯಾಪಾರಿಯೂ ಎಣಿಸಲಾರನು. ಆಕಾಶದಲ್ಲಿಯೇ ಹೋಗುವೆನೆಂದು ಯಾರಾದರೂ ಹಟ ಹಿಡಿದರೆ, ಕಲಬುರಗಿಯಿಂದ 463 ಕಿಲೋಮೀಟರು ತೆಂಕಲಿಗೆ ಬಂದು, ದೇವನಹಳ್ಳಿಯಲ್ಲಿ ಕಾದು, ಮತ್ತೆ 522 ಕಿಲೋಮೀಟರು ಬಡಗಲಿಗೆ ಹೋಗಬೇಕಾದೀತು. 87 ಕಿಲೋಮೀಟರಿನ ದಾರಿಯು 985 ಕಿಲೋಮೀಟರು ಆದಂತಾಯಿತು, ಹನ್ನೊಂದರಷ್ಟಕ್ಕೂ ಹೆಚ್ಚು. ಮುಂಬಾಗಿಲಿನಿಂದ ಹಿತ್ತಿಲಿಗೆ ಹೋಗಲು ಊರನ್ನೆಲ್ಲ ಸುತ್ತಿ ಬಂದಂತೆ.

ನಗುವ ಮಾತಿದಾದರೂ ಇದರಲ್ಲಿ ಒಂದು ತಿಳಿವಳಿಕೆಯಿದೆ. ಎರಡು ಊರುಗಳ ನಡುವಣ ದೂರವನ್ನು ಭೂಗೋಳವೊಂದೇ ಗೊತ್ತುಮಾಡುವುದಿಲ್ಲ. ದಾರಿಯನ್ನು ಯಾರು ಹಾಕಿದರು, ಯಾವ ಕರಾರಿಗೆ ಒಳಪಟ್ಟು ಹಾಕಿದರು, ಯಾರ ಖರ್ಚಿನಲ್ಲಿ ನಡೆಸುತ್ತಿದ್ದಾರೆ, ಎಂಬುವೂ ಗೊತ್ತುಮಾಡುತ್ತವೆ. ಇದಕ್ಕೆ ಬೀದರಿನ ಕಥೆಯೇ ನಿದರ್ಶನ.

ಹೈದರಾಬಾದಿನ ಶಂಷಾಬಾದಿನಲ್ಲಿ 2008ರಲ್ಲಿ ಹೊಸ ನಿಲ್ದಾಣವು ತೆರೆಯಿತು. ಅದನ್ನು ಕಟ್ಟಿದವರಿಗೂ ಸರ್ಕಾರಕ್ಕೂ ಆದ ಕರಾರಿನಲ್ಲಿ, ಆ ನಿಲ್ದಾಣದಿಂದ 150 ಕಿಲೋಮೀಟರಿನ ಆಕಾಶದೂರದೊಳಗೆ 25 ವರ್ಷಗಳವರೆಗೆ ಇನ್ನೊಂದು ನಿಲ್ದಾಣವನ್ನು ಬೆಳೆಯಗೊಡಬಾರದೆಂಬ ಷರತ್ತಿದ್ದಿತು. ನಮ್ಮ ದೇವನಹಳ್ಳಿಯ ನಿಲ್ದಾಣಕ್ಕೂ ಇಂಥದೇ ಷರತ್ತುಂಟು. ಅಲ್ಲಿ ಮೈಸೂರು ಹಾಸನಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಶಂಷಾಬಾದನ್ನು ಮಧ್ಯದಲ್ಲಿಟ್ಟು ಕೈವಾರದಿಂದ 150 ಕಿಲೋಮೀಟರಿನ ವೃತ್ತವನ್ನು ಎಳೆಯಿರಿ. ಬೀದರಿಗೆ ಅಲ್ಲಿಂದ ಸುಮಾರು 124 ಕಿಲೋಮೀಟರು. ವೃತ್ತದ ಒಳಗೆ ಬಿದ್ದಿತು. ಕಲಬುರಗಿಗೆ 156ರ ಹತ್ತಿರ, ಕೂದಲೆಳೆಯಷ್ಟರಲ್ಲಿ ಹೊರಗುಳಿಯಿತು. ಬೀದರಿನಲ್ಲಿ ವಾಯುಸೇನೆಯ ಒಳ್ಳೆಯ ಓಡುಹಾದಿ ಮೊದಲಿನಿಂದಲೂ ಇದ್ದಿತು. ಪ್ರಯಾಣಿಕರಿಗೆಂದು ಕಟ್ಟಡವನ್ನೂ ಕಟ್ಟಿದರು. ಆದರೆ ಆ ಕಟ್ಟಡವು ಸುಮಾರು ಹತ್ತು ವರ್ಷ ಪ್ರಯಾಣಿಕರನ್ನು ಕಾಣದೆ ನಿಂತಿದ್ದಿತು. ಕೊನೆಗೆ ಎರಡು ಕಡೆಯವರೂ ಒಪ್ಪಂದಕ್ಕೆ ಬಂದು, 2020ರ ಫೆಬ್ರವರಿ 7ರಂದು ಬೆಂಗಳೂರಿನಿಂದ ಬೀದರಿಗೆ ಪ್ರಯಾಣಿಕರ ವಿಮಾನವು ಹಾರಿತು. ಅತ್ತ ಕಲಬುರಗಿಯಲ್ಲಿ 2008ರಲ್ಲಿ ಅಡಿಗಲ್ಲು ಹಾಕಿ, ಹನ್ನೊಂದು ವರ್ಷ ಕಾದು, 2019ರ ನವೆಂಬರ್ 22ರಂದು ನಿಲ್ದಾಣವನ್ನು ತೆರೆದಿದ್ದರು. ಒಂದಕ್ಕೆ ಓಡುಹಾದಿಯಿದ್ದು ಅನುಮತಿಯಿರಲಿಲ್ಲ. ಇನ್ನೊಂದಕ್ಕೆ ಕರಾರಿನ ಅಡ್ಡಿಯಿರಲಿಲ್ಲ, ಓಡುಹಾದಿಯಿರಲಿಲ್ಲ. ಇಬ್ಬರೂ ಒಂದೇ ಸಮಯಕ್ಕೆ ಗುರಿ ಮುಟ್ಟಿದರು.

ಮುಟ್ಟಿದ ಮೇಲೆ ನಿಂತುಕೊಳ್ಳುವುದು ಬೇರೊಂದು ಕಷ್ಟ. ಬೀದರಿನ ವಿಮಾನವು ಆರಂಭವಾಗಿ ಐವತ್ತು ದಿನಗಳು ತುಂಬುವುದರೊಳಗೆ ಕೋವಿಡ್ ಪಿಡುಗಿನಿಂದಾಗಿ 2020ರ ಮಾರ್ಚ್ 25ರಿಂದ ದೇಶದ ವಿಮಾನಗಳೆಲ್ಲವೂ ನೆಲಕ್ಕಿಳಿದುವು. ಮೇ ತಿಂಗಳ ಕೊನೆಯಲ್ಲಿ ಮತ್ತೆ ಹಾರತೊಡಗಿದರೂ, ಮೊದಲಿನ ಕಂಪೆನಿಯು 2022ರಲ್ಲಿ ನಿಂತುಹೋಯಿತು. ಅದೇ ವರ್ಷ ಇನ್ನೊಂದು ಕಂಪೆನಿ ಬಂದಿತು. 2023ರ ಕೊನೆಗೆ ಅದೂ ನಿಲ್ಲಿಸಿತು. 2025ರ ಏಪ್ರಿಲಿನಲ್ಲಿ ಮತ್ತೆ ಮೊದಲಾಯಿತು. ಬೀದರಿನ ಕೋಟೆಯನ್ನು ಆರು ಶತಮಾನಗಳು ಅಲುಗಿಸಲಾರದೆ ಹೋದುವು. ಅಲ್ಲಿಯ ವಿಮಾನದ ವೇಳಾಪಟ್ಟಿ ಆರು ವರ್ಷದೊಳಗೆ ಮೂರು ಸಲ ಅಲುಗಿತು.

ಇದರ ಕಾರಣವು ಲೆಕ್ಕದ ಪುಸ್ತಕದಲ್ಲಿದೆ. ಸಣ್ಣ ಊರುಗಳಿಗೂ ವಿಮಾನ ದೊರೆಯಲೆಂದು ಕೇಂದ್ರ ಸರ್ಕಾರವು 2016ರಲ್ಲಿ ಉಡಾನ್ ಎಂಬ ಯೋಜನೆಯನ್ನು ಪ್ರಕಟಿಸಿತು. ಅದರ ಮೊದಲನೆಯ ವಿಮಾನ 2017ರ ಏಪ್ರಿಲಿನಲ್ಲಿ ಹಾರಿತು. ಸುಮಾರು 500 ಕಿಲೋಮೀಟರಿನ, ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳನ್ನು 2,500 ರೂಪಾಯಿಗೆ ಮೀರದಂತೆ ಕೊಡಬೇಕೆಂಬುದು ಅದರ ಆರಂಭದ ನಿಬಂಧನೆ. ಇದರಿಂದ ಕಂಪೆನಿಗೆ ಬರುವ ನಷ್ಟವನ್ನು ಮೂರು ವರ್ಷದವರೆಗೆ ಸರ್ಕಾರವು ತುಂಬಿಕೊಡುವುದು. ಬೆಂಗಳೂರಿನಿಂದ ಈ ಎರಡು ಊರುಗಳಿಗೂ ಇರುವ ದೂರವು ಆ ಅಳತೆಗೆ ಹೇಳಿ ಮಾಡಿಸಿದಂತಿದೆ. ಮೂರು ವರ್ಷದ ಮೇಲೆ ಕೂಸು ತಾನೇ ನಡೆಯಬೇಕೆಂಬುದು ಯೋಜಕರ ಎಣಿಕೆ. ಕೆಲವು ಕೂಸುಗಳು ನಡೆದುವು. ಕೆಲವು ಕೈಬಿಟ್ಟೊಡನೆ ಕುಳಿತುಬಿಟ್ಟುವು. ಆದುದರಿಂದ ಬಡಗಲಿಗೆ ಹೊರಡುವ ಗೃಹಸ್ಥರಿಗೆ ಹೇಳಬೇಕಾದ ಮಾತೊಂದುಂಟು. ಹೋದ ವರ್ಷ ವಿಮಾನವಿದ್ದಿತೆಂಬ ನಂಬಿಕೆಯ ಮೇಲೆ ಈ ವರ್ಷದ ಲಗ್ನಪತ್ರಿಕೆಯನ್ನು ಅಚ್ಚುಹಾಕಿಸಬೇಡಿರಿ. ಯಾವ ವಾರ ಉಂಟು, ಯಾವ ವಾರ ಇಲ್ಲ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿರಿ. ರೈಲಿನಲ್ಲಿಯೂ ಒಂದು ಸ್ಥಳವನ್ನು ಕಾದಿರಿಸುವುದು ಜಾಣತನ.

ಹಾಗಾದರೆ ಬಡಗಣ ಊರುಗಳ ದೂರವನ್ನು ಕಡಮೆ ಮಾಡುವ ಬಗೆ ಯಾವುದು? ವಿಮಾನವು ಬೇಡವೆಂದು ಯಾರೂ ಹೇಳಲಾರರು. ಆದರೆ ವಿಮಾನವಿಲ್ಲದೆಯೇ ದೂರವನ್ನು ಕಡಮೆ ಮಾಡಿದ ಕೆಲಸಗಳೂ ಇವೆ. ಅವುಗಳ ಮಾತು ನಮ್ಮಲ್ಲಿ ಕಡಮೆ. ಬೀದರಿಗೂ ಕಲಬುರಗಿಗೂ ನೇರವಾದ ರೈಲುಹಾದಿಯೇ ಇರಲಿಲ್ಲ. ಹೈದರಾಬಾದಿನ ಕಡೆಗೆ ಸುತ್ತಿಕೊಂಡು ಹೋಗಬೇಕಾಗಿದ್ದಿತು. ಸುಮಾರು ಇಪ್ಪತ್ತು ವರ್ಷಗಳ ಕೆಲಸದ ತರುವಾಯ 2017ರ ಅಕ್ಟೋಬರ್ 29ರಂದು 110 ಕಿಲೋಮೀಟರಿನ ಹೊಸ ಹಾದಿಯು ತೆರೆಯಿತು. ಅಹ್ಮದ್ ಷಾನ ಪರಿವಾರ ನಡೆದ ಸೀಮೆಯಲ್ಲಿ ಇಂದು ಹಳ್ಳಿಯ ವಿದ್ಯಾರ್ಥಿಯು ಅಲ್ಪ ಹಣಕ್ಕೆ ಚೀಟಿ ಕೊಂಡು ಕುಳಿತು ಹೋಗುತ್ತಾನೆ. 87 ಕಿಲೋಮೀಟರಿನ ಅಂತರಕ್ಕೆ ಇದೇ ತಕ್ಕ ವಾಹನ.

ಇನ್ನೂ ಹೆಚ್ಚಿನದು ಮತ್ತೊಂದಿದೆ. ಮೊದಲು ಬೀದರಿನ ರೈತನು ಹೊಲದ ವ್ಯಾಜ್ಯಕ್ಕಾಗಿ ಹೈಕೋರ್ಟಿಗೆ ಬೆಂಗಳೂರಿಗೇ ಬರಬೇಕಾಗಿದ್ದಿತು. ಬಂದು, ಛತ್ರದಲ್ಲಿಯೋ ನಂಟರ ಜಗಲಿಯಲ್ಲಿಯೋ ಇಳಿದು, ವಾಯಿದೆ ಬಿದ್ದಿತೆಂದು ಕೇಳಿ ಹಿಂದಿರುಗುವುದು. ಮತ್ತೆ ಅಷ್ಟೇ ದೂರ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠವು ಕಲಬುರಗಿಗೆ ಹೋಯಿತು. 2013ರಲ್ಲಿ ಅದು ಕಾಯಂ ಆಯಿತು. ನ್ಯಾಯಾಲಯವೇ ಕಕ್ಷಿಗಾರನ ಕಡೆಗೆ ನಡೆದುದರಿಂದ ಐನೂರು ಕಿಲೋಮೀಟರು ನೂರಕ್ಕೆ ಇಳಿಯಿತು. ಹೃದಯದ ಕಾಹಿಲೆಯವರ ಸಂಗತಿಯೂ ಹೀಗೆಯೇ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು ಕಲಬುರಗಿಯಲ್ಲಿ ತೆರೆಯಿತು. ಎದೆನೋವು ಬಂದವನಿಗೆ ಗಂಟೆಗೆ 800 ಕಿಲೋಮೀಟರಿನ ವಿಮಾನಕ್ಕಿಂತ ಗಂಟೆಯೊಳಗೆ ಸಿಕ್ಕುವ ವೈದ್ಯನೇ ಮೇಲು.

ಬೆಂಗಳೂರಿನ ಉತ್ತರಭಾಗದಲ್ಲಿ ವಾಸಮಾಡುವ ನಮಗೆ ಈ ವಿಚಾರವು ದೂರದವರ ಕಷ್ಟವೆಂದು ತೋರಬಹುದು. ನಮಗೆ ಮೂರು ವಿಮಾನಕ್ಷೇತ್ರಗಳು ಒಂದೇ ರಸ್ತೆಯ ಮೇಲಿವೆ. ಆಸ್ಪತ್ರೆ, ಕಚೇರಿ, ಕಾಲೇಜುಗಳೆಲ್ಲವೂ ಕೈಗೆಟಕುವಂತಿವೆ. ದೂರವೆಂದರೆ ನಮಗೆ ಹೆಬ್ಬಾಳದ ಸೇತುವೆಯ ಮೇಲೆ ಕಳೆಯುವ ಅರ್ಧ ಗಂಟೆ. ಅದಕ್ಕೇ ನಾವು ಗೊಣಗುತ್ತೇವೆ. ಆದರೆ ಯಲಹಂಕದ ರೈಲುನಿಲ್ದಾಣದಲ್ಲಿ ಮುಂಜಾನೆ ನಿಂತು ನೋಡಿದರೆ, ಬಡಗಣಿಂದ ಬರುವ ಗಾಡಿಗಳಿಂದ ಕೈಯಲ್ಲಿ ಕಾಗದದ ಕಟ್ಟು, ಹೆಗಲಲ್ಲಿ ರೊಟ್ಟಿಯ ಗಂಟು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು ಹೊತ್ತು ಇಳಿಯುವವರು ಕಾಣುತ್ತಾರೆ. ಅವರ ಪೈಕಿ ಎಷ್ಟು ಮಂದಿಯ ಕೆಲಸವು ಅವರೂರಿನಲ್ಲಿಯೇ ಆಗಬಹುದಾಗಿದ್ದಿತೋ, ಅಷ್ಟು ಮಂದಿಯ ಮಟ್ಟಿಗೆ ನಾಡು ಇನ್ನೂ ಒಂದುಗೂಡಿಲ್ಲವೆಂದೇ ತಿಳಿಯಬೇಕು.

ಭೂಮಿಯ ಮೇಲೆ ಲ್ಯಾಂಬ್ಟನ್ನನು ಅಳೆದ ರೇಖೆಯು ಹಾಗೆಯೇ ಉಳಿಯುವುದು. ದೇವನಹಳ್ಳಿಗೂ ಬೀದರಿಗೂ 522 ಕಿಲೋಮೀಟರು ಎಂದೆಂದಿಗೂ 522 ಕಿಲೋಮೀಟರೇ. ಆದರೆ ಅದನ್ನು ದಾಟುವುದಕ್ಕೆ ಬೇಕಾಗುವ ಹೊತ್ತು, ಹಣ, ದಣಿವು ಇವು ಮನುಷ್ಯರ ಏರ್ಪಾಡಿಗೆ ಸೇರಿದುವು. ಏರ್ಪಾಡು ಒಳ್ಳೆಯದಾದರೆ ಕಡಮೆಯಾಗುತ್ತವೆ, ಕೆಟ್ಟರೆ ಹೆಚ್ಚುತ್ತವೆ. ನೂರು ಕಿಲೋಮೀಟರಿಗೆ ರೈಲೂ ಬಸ್ಸೂ, ಐನೂರು ಕಿಲೋಮೀಟರಿಗೆ ತಪ್ಪದೆ ಹಾರುವ ವಿಮಾನವೂ, ಪ್ರಯಾಣವೇ ಬೇಡದ ಕೆಲಸಗಳಿಗೆ ಅವರವರ ಊರಿನಲ್ಲಿಯೇ ಕಚೇರಿ ಆಸ್ಪತ್ರೆಗಳೂ ದೊರೆತರೆ ಬೀದರು ಕಲಬುರಗಿಗಳು ನಮ್ಮ ನೆರೆಮನೆಗಳಾಗುವುವು. ಬಿಡುವಾದಾಗ ವಾಚಕರೂ ಒಮ್ಮೆ ಆ ಕಡೆಗೆ ಹೋಗಿಬರಲಿ. ಹೋಗುವಾಗ ವಿಮಾನವಾದರೆ ಬರುವಾಗ ರೈಲಾಗಲಿ. ಆಗ ನಾಡಿನ ಹರವೂ ತಿಳಿಯುವುದು, ಅದರಲ್ಲಿ ವಾಸಮಾಡುವವರ ದಣಿವೂ ತಿಳಿಯುವುದು.